ಹಾರ್ಡ್ ಪ್ಯಾಡಾ, ಬಟ್ಟೆ ಪ್ಯಾಡಾ? ಬೆವರೋ ಕೈ, ಧಾರವಾಡದ ಮಳೆ, ಸಾವಿರದೊಳಗಿನ ಬಜೆಟ್

ಸಪ್ತಾಪುರ_ಸ್ಪೈಕ್
ಎಲ್ಲರಿಗೂ ನಮಸ್ಕಾರ. ಮೌಸ್ ಪ್ಯಾಡ್ ತಗೋಬೇಕು. ಹಾರ್ಡ್ (ಗಟ್ಟಿ ಪ್ಲಾಸ್ಟಿಕ್ ಥರದ್ದು) ತಗೊಳ್ಳಲಾ, ಬಟ್ಟೆಯದು ತಗೊಳ್ಳಲಾ ಅಂತ ತೀರ್ಮಾನಕ್ಕೆ ಬರೋಕೇ ಆಗುತ್ತಿಲ್ಲ.

ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದೇನೆ. ಆಡೋದು ವ್ಯಾಲರಂಟ್, ಅಪರೂಪಕ್ಕೆ ಸಿಎಸ್2 (ಕೌಂಟರ್-ಸ್ಟ್ರೈಕ್ 2), ಎರಡೂ ಗುಂಡು ಹೊಡೆಯೋ ಆಟ. ಮೌಸ್ ಲಾಜಿಟೆಕ್ ಜಿ102. 800 ಡಿಪಿಐ, ವ್ಯಾಲರಂಟ್‌ನಲ್ಲಿ ಸೆನ್ಸಿಟಿವಿಟಿ (ಮೌಸ್ ಸರಿದರೆ ನೋಟ ಎಷ್ಟು ತಿರುಗಬೇಕು ಅನ್ನೋ ಸೆಟ್ಟಿಂಗ್) 0.4. ಮೇಜು ಸನ್‌ಮೈಕಾದ್ದು, ಅಗಲ ಕಡಿಮೆ. ಈಗಿರೋದು ಕಂಪ್ಯೂಟರ್ ಅಂಗಡಿಯಲ್ಲಿ ಸುಮ್ನೆ ಕೊಟ್ಟ ಪುಟ್ಟ ಪ್ಯಾಡ್, 22 ಬೈ 18 ಸೆಂಟಿಮೀಟರ್. ಅಂಚು ಎದ್ದಿದೆ, ನಡುವೆ ಸವೆದು ಹೊಳೆಯುತ್ತಿದೆ.

ಕೈ ಬೆವರುತ್ತದೆ. ಮಳೆ ಹಿಡಿದ ಮೇಲೆ ಇನ್ನೂ ಕಷ್ಟ. ಮೌಸ್ ನಿಲ್ಲಿಸಿ ಒಂದು ಚೂರು ಸರಿಸಬೇಕು ಅಂದರೆ ಮೊದಲು ಅಂಟಿಕೊಳ್ಳುತ್ತದೆ, ಆಮೇಲೆ ಜಿಗಿಯುತ್ತದೆ. ಕ್ರಾಸ್‌ಹೇರ್ (ಗುರಿಯ ಗುರುತು) ಎದುರಿನವನ ತಲೆ ದಾಟಿ ಗೋಡೆಗೆ ಹೋಗುತ್ತದೆ. ಗೆಳೆಯನೊಬ್ಬ ಹಾರ್ಡ್ ತಗೋ, ಬೆವರು ಹೀರಲ್ಲ ಅಂತಾನೆ. ಇನ್ನೊಬ್ಬ ಹಾರ್ಡ್ ತಗೊಂಡರೆ ಮೌಸ್ ಕೈಗೇ ಸಿಗಲ್ಲ ಅಂತಾನೆ. ಎರಡನ್ನೂ ಬಳಸಿದವರು ಹೇಳಿ.

ಉಣಕಲ್_ಎಫ್‌ಪಿಎಸ್
ಬಟ್ಟೆ. ಯೋಚನೆನೇ ಬೇಡ. ವ್ಯಾಲರಂಟ್‌ನಲ್ಲಿ ಮೌಸ್ ಓಡಿಸೋದಕ್ಕಿಂತ ನಿಲ್ಲಿಸೋದು ಮುಖ್ಯ.

ಹಾವೇರಿ_ಹೆಡ್‌ಶಾಟ್
ಕೈ ಬೆವರುತ್ತದೆ ಅಂತ ಪಾಪ ಹುಡುಗ ಅಷ್ಟು ಬಿಡಿಸಿ ಹೇಳಿದ್ದಾನೆ. ನೀವು ಓದದೇ ಉತ್ತರ ಕೊಡ್ತೀರಿ. ಬೆವರೋ ಕೈಗೆ ಬಟ್ಟೆ ಪ್ಯಾಡ್ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ಅದು ಕೈ ಒರೆಸೋ ಅರಿವೆ ಆಗುತ್ತದೆ. ಮಣಿಕಟ್ಟು ಇಡೋ ಜಾಗ ಕಪ್ಪಾಗಿ, ಗಟ್ಟಿಯಾಗಿ, ಮೌಸ್ ಅಲ್ಲಿ ಬಂದಾಗಲೆಲ್ಲ ತಡೆಯುತ್ತದೆ. ಹಾರ್ಡ್ ಪ್ಯಾಡ್ ಆದರೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಎಳೆದರೆ ಮುಗೀತು. ನಾನು ಬಳಸೋದು ಲಾಜಿಟೆಕ್ ಜಿ440, 34 ಬೈ 28, ಪ್ಲಾಸ್ಟಿಕ್ ಮೇಲ್ಮೈ, ದಪ್ಪ 3 ಮಿಲಿಮೀಟರ್. ಮಳೆ ಇರಲಿ ಬಿಸಿಲಿರಲಿ ಒಂದೇ ವೇಗ.

ಉಣಕಲ್_ಎಫ್‌ಪಿಎಸ್
> ಮಳೆ ಇರಲಿ ಬಿಸಿಲಿರಲಿ ಒಂದೇ ವೇಗ

ಅದೇ ವೇಗದಲ್ಲಿ ಮೇಜಿನಿಂದ ಕೆಳಗೂ ಹೋಗುತ್ತದೆ ಅಲ್ವಾ?

ಗಿರ್ಮಿಟ್‌ಪ್ರಿಯ
ಶುರುವಾಯ್ತು ನೋಡ್ರಿ. ಚಹಾ ತರಿಸಿ.

ವಿದ್ಯಾನಗರ_ಮೆಕ್
ಹಾರ್ಡಾ ಬಟ್ಟೆನಾ ಅನ್ನೋದು ಆಮೇಲೆ. ಮೊದಲು ಅಳತೆ ನೋಡು ತಮ್ಮಾ.

ವ್ಯಾಲರಂಟ್‌ನಲ್ಲಿ ಮೌಸಿನ ಒಂದೊಂದು ಎಣಿಕೆಗೆ ನೋಟ 0.07 ಡಿಗ್ರಿ ತಿರುಗುತ್ತದೆ, ಅದಕ್ಕೆ ನಿನ್ನ ಸೆನ್ಸಿಟಿವಿಟಿ ಗುಣಿಸಬೇಕು. 800 ಡಿಪಿಐ ಅಂದರೆ ಒಂದು ಇಂಚಿಗೆ 800 ಎಣಿಕೆ. 360 ಅನ್ನು 0.07, 800, 0.4 ಇವುಗಳ ಗುಣಲಬ್ಧದಿಂದ ಭಾಗಿಸು. ಹದಿನಾರು ಇಂಚು ಚಿಲ್ಲರೆ ಬರುತ್ತದೆ, ಅಂದರೆ ಸುಮಾರು 41 ಸೆಂಟಿಮೀಟರ್. ಪೂರ್ತಿ ಒಂದು ಸುತ್ತು ಹೊಡೆಯೋಕೆ ಇಷ್ಟು ಬೇಕು. ಬೆನ್ನ ಹಿಂದೆ ಯಾರೋ ಬಂದ ಅಂತ ಅರ್ಧ ಸುತ್ತು ತಿರುಗಿದರೂ 20 ಸೆಂಟಿಮೀಟರ್ ದಾಟುತ್ತದೆ.

ನಿನ್ನ ಪ್ಯಾಡಿನ ಅಗಲವೇ 22. ಮೌಸ್ ನಡುವೆ ಇದ್ದರೆ ಒಂದೊಂದು ಬದಿಗೆ 11 ಮಾತ್ರ, ಅದರಲ್ಲಿ ಅರ್ಧ ಮೌಸಿನ ಅಗಲ ಕಳೀಬೇಕು. ಅಂದರೆ ತಿರುಗಿದಾಗಲೆಲ್ಲ ಮೌಸ್ ಎತ್ತಿ ಇಡುತ್ತಿದ್ದೀಯ, ಇಲ್ಲಾಂದರೆ ಅರ್ಧ ಮೌಸ್ ಸನ್‌ಮೈಕಾ ಮೇಲೆ ಓಡಿಸುತ್ತಿದ್ದೀಯ. ಅರ್ಧ ಬಟ್ಟೆ ಅರ್ಧ ಸನ್‌ಮೈಕಾ ಆದರೆ ಯಾರ ಕೈಗೂ ಗುರಿ ಕೂರಲ್ಲ. ಕನಿಷ್ಠ 40 ಸೆಂಟಿಮೀಟರ್ ಅಗಲದ್ದು ತಗೋ, ಯಾವ ಜಾತಿಯದ್ದಾದರೂ ಆಗಲಿ.

ಹಾವೇರಿ_ಹೆಡ್‌ಶಾಟ್
ನಾನು ಲೆಕ್ಕ ಹಾಕಿದರೆ 130 ಸೆಂಟಿಮೀಟರ್ ಬರುತ್ತಿದೆ. 0.022 ಹಾಕಬೇಕಲ್ವಾ?

ವಿದ್ಯಾನಗರ_ಮೆಕ್
0.022 ಸಿಎಸ್‌ನದ್ದು ಅಣ್ಣಾ. ವ್ಯಾಲರಂಟ್‌ಗೆ 0.07. ಅದಕ್ಕೇ ಸಿಎಸ್‌ನಿಂದ ವ್ಯಾಲರಂಟ್‌ಗೆ ಬರುವವರು ತಮ್ಮ ಸೆನ್ಸಿಟಿವಿಟಿಯನ್ನು 3.18ರಿಂದ ಭಾಗಿಸೋದು. ಇವನ 0.4, ಸಿಎಸ್2ದಲ್ಲಿ ಸುಮಾರು 1.27 ಆಗಬೇಕು. ಸ್ಪೈಕ್, ನೀನು ಎರಡರಲ್ಲೂ 0.4 ಇಟ್ಟುಕೊಂಡಿಲ್ಲ ತಾನೇ?

ಸಪ್ತಾಪುರ_ಸ್ಪೈಕ್
ಇಲ್ಲ ಅಣ್ಣಾ, ಅಲ್ಲಿ 1.25 ಇದೆ. ಮೌಸ್ ಎತ್ತಿ ಎತ್ತಿ ಇಡೋದು ಮಾತ್ರ ನಿಜ. ಆದರೆ ಅಂಟಿಕೊಂಡು ಜಿಗಿಯೋದು ಅಳತೆಯಿಂದಲ್ಲ ಅಲ್ವಾ?

ವಿದ್ಯಾನಗರ_ಮೆಕ್
ಅಲ್ಲ. ಅದು ಘರ್ಷಣೆ. ನಿಂತಿರೋ ಮೌಸನ್ನು ಅಲುಗಿಸೋಕೆ ಒಂದಷ್ಟು ಬಲ ಬೇಕು. ಒಮ್ಮೆ ಅಲುಗಿದ ಮೇಲೆ ಸರೀತಾ ಇರೋಕೆ ಅದಕ್ಕಿಂತ ಕಡಿಮೆ ಸಾಕು. ಈ ಎರಡರ ನಡುವೆ ಅಂತರ ಜಾಸ್ತಿಯಾದರೆ ನೀನು ಹೇಳಿದ್ದೇ ಆಗೋದು. ಅಲುಗಿಸೋಕೆ ಅಂತ ಕೊಟ್ಟ ಬಲ, ಅಲುಗಿದ ತಕ್ಷಣ ಹೆಚ್ಚಾಗಿಬಿಡುತ್ತದೆ. ಮೌಸ್ ಜಿಗಿಯುತ್ತದೆ.

ಹೊಸ ಒಳ್ಳೇ ಬಟ್ಟೆ ಪ್ಯಾಡ್‌ನಲ್ಲಿ ಈ ಅಂತರ ಕಡಿಮೆ. ಬೆವರು, ಎಣ್ಣೆ, ತೇವ ಸೇರಿದಂತೆಲ್ಲ ಹೆಚ್ಚುತ್ತದೆ. ಹಾರ್ಡ್ ಪ್ಯಾಡ್‌ನಲ್ಲಿ ಎರಡೂ ಕಡಿಮೆ ಇರುತ್ತವೆ, ಅದಕ್ಕೇ ಒಂದು ಕೂದಲೆಳೆಯಷ್ಟು ಸರಿಸೋದು ಅದರಲ್ಲಿ ಸಲೀಸು. ಆದರೆ ನಿಲ್ಲಿಸೋ ಕೆಲಸ ಪೂರ್ತಿ ನಿನ್ನ ಬೆರಳಿನದ್ದು.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ಮೆತ್ತನೆ ಬಟ್ಟೆ ಪ್ಯಾಡ್‌ನಲ್ಲಿ ಮೌಸನ್ನು ಸ್ವಲ್ಪ ಒತ್ತಿದರೆ ಪಾದಗಳು ಒಳಗೆ ಇಳಿಯುತ್ತವೆ, ಬ್ರೇಕ್ ಬೀಳುತ್ತದೆ. ಗುಂಡು ಹೊಡೆಯೋ ಹೊತ್ತಿಗೆ ಕೈ ತಾನಾಗೇ ಬಿಗಿಯಾಗುತ್ತದಲ್ಲ, ಆಗ ಇದು ಕೆಲಸಕ್ಕೆ ಬರುತ್ತದೆ. ಗಟ್ಟಿ ಪ್ಯಾಡ್ ಒತ್ತಿದರೆ ಕುಗ್ಗೋದಿಲ್ಲ, ಬ್ರೇಕ್ ಇಲ್ಲ.

ಉಣಕಲ್_ಎಫ್‌ಪಿಎಸ್
ನಾನು ಒಂದು ಸಾಲಲ್ಲಿ ಹೇಳಿದ್ದನ್ನೇ ಇವರು ಮೂರು ಪ್ಯಾರಾದಲ್ಲಿ ಹೇಳಿದರು.

ಗಿರ್ಮಿಟ್‌ಪ್ರಿಯ
ಹಾರ್ಡ್ ಪ್ಯಾಡ್ ಮೇಲೆ ಕೇರಂ ಪೌಡರ್ ಉದುರಿಸಿದರೆ?

ವಿದ್ಯಾನಗರ_ಮೆಕ್
ಸ್ಟ್ರೈಕರ್‌ಗೆ ಸೆನ್ಸರ್ ಇರಲ್ಲ, ಮೌಸಿಗೆ ಇರುತ್ತದೆ. ಪುಡಿ ಆ ಕಿಂಡಿಯಲ್ಲಿ ಹೋಗಿ ಕೂರುತ್ತದೆ. ಬೇಡ.

ಹಾವೇರಿ_ಹೆಡ್‌ಶಾಟ್
ನಮ್ಮ ಓಣಿಯ ಹುಡುಗನೊಬ್ಬ ಹಾಕಿದ್ದ. ಕೀಬೋರ್ಡೂ ಬೆಳ್ಳಗಾಗಿತ್ತು.

ಕೆಎಎಸ್_ಕನಸು
ನಾನು ಗೇಮ್ ಆಡೋನಲ್ಲ. ನನ್ನ ರೂಮ್‌ಮೇಟ್ ಆಡ್ತಾನೆ. ಹಾರ್ಡ್ ಪ್ಯಾಡ್ ತಗೊಳ್ಳೋಕೆ ಮುಂಚೆ ಪಕ್ಕದ ಮಂಚದಲ್ಲಿ ಮಲಗೋರನ್ನೂ ಒಂದು ಮಾತು ಕೇಳಿ. ರಾತ್ರಿ ಒಂದು ಗಂಟೆಗೆ ಸರ್ ಸರ್, ಕರ್ ಕರ್ ಅಂತ ಒಂದೇ ಸಮನೆ. ಹೆಡ್‌ಫೋನ್ ಹಾಕಿಕೊಂಡಿರೋದು ಅವನು, ಅವನಿಗೇನು ಕೇಳುತ್ತದೆ? ನಾನು ಸಂವಿಧಾನದ ವಿಧಿಗಳನ್ನು ಆ ತಾಳಕ್ಕೇ ಬಾಯಿಪಾಠ ಮಾಡಿದ್ದೇನೆ.

ಸಪ್ತಾಪುರ_ಸ್ಪೈಕ್
ಅಣ್ಣಾ, ನೀವು ಯಾವ ಪಿಜಿ?

ಕೆಎಎಸ್_ಕನಸು
ಹೆದರಬೇಡ, ನಾನು ಜಯನಗರದ ಕಡೆ.

ನವನಗರ_ಅಕ್ಕ
ನಾನು ಎರಡೂ ಬಳಸಿದ್ದೇನೆ, ಈಗಲೂ ಎರಡೂ ಇವೆ. ಅಪೆಕ್ಸ್ ಲೆಜೆಂಡ್ಸ್ ಜಾಸ್ತಿ ಆಡುತ್ತೇನೆ. ಅದರಲ್ಲಿ ಎದುರಿನವರು ಓಡ್ತಾ, ಜಾರ್ತಾ, ಹಾರ್ತಾ ಇರುತ್ತಾರೆ. ಒಂದೇ ಗುಂಡಿಗೆ ಸಾಯಲ್ಲ, ಗುರಿ ಅವರ ಮೇಲೇ ಇಟ್ಟುಕೊಂಡು ಹಿಂಬಾಲಿಸಬೇಕು. ಅಲ್ಲಿ ಹಾರ್ಡ್ ಪ್ಯಾಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಕೈಗೆ ಆಯಾಸ ಕಡಿಮೆ. ವ್ಯಾಲರಂಟ್‌ನಲ್ಲಿ ಮೂಲೆಯಲ್ಲಿ ಗುರಿಯಿಟ್ಟು ಕಾಯೋದು, ಬಂದ ಕೂಡಲೇ ಒಂದು ಸಣ್ಣ ಎಳೆತ, ಒಂದು ಕ್ಲಿಕ್. ಅಲ್ಲಿ ಬಟ್ಟೆ. ಆ ಆಟ ಆಡುವ ವೃತ್ತಿಪರರಲ್ಲೂ ಬಹುಪಾಲು ಜನ ಬಟ್ಟೆಯದ್ದನ್ನೇ ಬಳಸುತ್ತಾರೆ. ಸ್ಟೀಲ್‌ಸೀರೀಸ್ ಕ್ಯುಸಿಕೆ, ಝೋವಿ ಜಿ-ಎಸ್‌ಆರ್, ದುಡ್ಡಿದ್ದವರು ಜಪಾನಿನ ಆರ್ಟಿಸನ್.

ಹಾರ್ಡ್ ಪ್ಯಾಡಿನಿಂದ ಒಂದು ಖರ್ಚಿದೆ, ಅದನ್ನು ಹೇಳಲೇಬೇಕು. ಮೌಸಿನ ಅಡಿಯಲ್ಲಿ ಬಿಳಿ ಅಥವಾ ಕಪ್ಪು ಪಾದಗಳು ಇರುತ್ತವಲ್ಲ, ಟೆಫ್ಲಾನಿನವು, ಅವು ಗಟ್ಟಿ ಪ್ಯಾಡ್ ಮೇಲೆ ಬೇಗ ಸವೆಯುತ್ತವೆ. ಮೌಸನ್ನು ತಿರುವಿ ಹಾಕಿ ಬೆಳಕಿಗೆ ಹಿಡಿದು ನೋಡಿ. ಪಾದದ ಅಂಚು ದುಂಡಗಿರೋದು ಹೋಗಿ ಚೂಪಾಗಿದ್ದರೆ, ಮೇಲೆ ಒಂದೇ ದಿಕ್ಕಿಗೆ ಗೀರುಗಳಿದ್ದರೆ ಮುಗೀತಾ ಬಂತು ಅಂತ. ಅವು ಪೂರ್ತಿ ಸವೆದರೆ ಪ್ಲಾಸ್ಟಿಕ್ಕೇ ಪ್ಯಾಡಿಗೆ ಉಜ್ಜುತ್ತದೆ, ಆಗ ಪ್ಯಾಡೂ ಹಾಳು.

ಸಪ್ತಾಪುರ_ಸ್ಪೈಕ್
ಅಕ್ಕಾ, ಈಗಲೇ ತಿರುವಿ ನೋಡಿದೆ. ಪಾದದ ಸುತ್ತ ಕಪ್ಪು ಕೊಳೆ ಉಂಗುರ ಕಟ್ಟಿದೆ. ಉಗುರಲ್ಲಿ ಕೆರೆದರೆ ಉಂಡೆಯಾಗಿ ಬರುತ್ತಿದೆ.

ನವನಗರ_ಅಕ್ಕ
ಅದೇ ನಿನ್ನ ಬ್ರೇಕು. ಕಿವಿ ಕಡ್ಡಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಅಂಚಿನ ಸುತ್ತ ಒರೆಸು. ಪ್ಯಾಡ್ ತಗೊಳ್ಳೋ ಮುಂಚೆ ಇದನ್ನು ಮಾಡು, ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ರಾಣೇಬೆನ್ನೂರು_ಡೋಟಾ
ಡೋಟಾ2 ಆಡೋರಿಗೆ ಈ ಗೋಳೇ ಇಲ್ಲ. ಮೌಸ್ ಅಂಗೈ ಅಗಲದಲ್ಲೇ ಓಡಾಡುತ್ತದೆ. ನಾನು ಹಳೇ ಕ್ಯಾಲೆಂಡರ್ ರಟ್ಟಿನ ಮೇಲೆ ಆಡುತ್ತೇನೆ.

ಉಣಕಲ್_ಎಫ್‌ಪಿಎಸ್
ಅದಕ್ಕೇ ನಿಮ್ಮ ರ‍್ಯಾಂಕೂ ಹಳೇ ಕ್ಯಾಲೆಂಡರ್‌ನಲ್ಲೇ ಇರೋದು.

ಬ್ಯಾಡಗಿ_ಖಾರ
ಬಟ್ಟೆ ಪ್ಯಾಡ್ ಬಗ್ಗೆ ನಮ್ಮ ಊರಿನ ಕಷ್ಟ ಕೇಳಿ. ನಮ್ಮ ಮನೆಯಲ್ಲಿ ಮೆಣಸಿನಕಾಯಿ ವ್ಯಾಪಾರ. ಸೀಸನ್ ಶುರುವಾಯ್ತು ಅಂದರೆ ಮಾರ್ಕೆಟ್‌ನಿಂದ ಬಂದವರ ಅಂಗಿ, ಚೀಲ, ಗಾಡಿ ಎಲ್ಲದರಲ್ಲೂ ಘಾಟು. ಅದರ ಪುಡಿ ಕಣ್ಣಿಗೆ ಕಾಣಲ್ಲ, ಆದರೆ ಬಟ್ಟೆಯಲ್ಲಿ ಹೋಗಿ ಕೂರುತ್ತದೆ. ನನ್ನ ಪ್ಯಾಡ್ ಕಪ್ಪು ಬಣ್ಣದ್ದು, ಗೊತ್ತೇ ಆಗುತ್ತಿರಲಿಲ್ಲ. ರಾಂಕ್ಡ್ ಮ್ಯಾಚ್, ನಾನೊಬ್ಬನೇ ಉಳಿದಿದ್ದೆ, ಎದುರಿಗೆ ಇಬ್ಬರು. ಬೆವರು ಕಣ್ಣಿಗಿಳೀತು ಅಂತ ಮಣಿಕಟ್ಟಿನಿಂದ ಒರೆಸಿಕೊಂಡೆ. ಅಷ್ಟೇ. ಸ್ಪೈಕ್ (ಆ ಆಟದ ಬಾಂಬ್) ಸಿಡಿದಿದ್ದು ಕೇಳಿಸಿತು, ಕಾಣಿಸಲಿಲ್ಲ.

ಅವತ್ತಿನಿಂದ ಹಾರ್ಡ್ ಪ್ಯಾಡ್. ದಿನಾ ಒರೆಸಿ ಕೂರುತ್ತೇನೆ.

ಗಿರ್ಮಿಟ್‌ಪ್ರಿಯ
ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ ಅಂತಾರಲ್ರೀ?

ಬ್ಯಾಡಗಿ_ಖಾರ
ಕಣ್ಣಿಗೆ ಹಾಕಿಕೊಂಡು ಹೇಳಿ ಅಣ್ಣಾ.

ಲಕ್ಷ್ಮೇಶ್ವರ_ಲ್ಯಾಗ್
ಬಿಜಿಎಂಐ ಆಡೋರಿಗೆ ಯಾವ ಪ್ಯಾಡ್ ಒಳ್ಳೇದು?

ಉಣಕಲ್_ಎಫ್‌ಪಿಎಸ್
ಫೋನಿಗೆ ಮೌಸ್ ಪ್ಯಾಡ್ ಯಾಕೆ ಮಾರಾಯ? ಹೆಬ್ಬೆರಳಿಗೆ ಹಾಕೋ ಸ್ಲೀವ್ ತಗೋ, ಅದೂ ಬೆವರಿಗೇ ಇರೋದು.

ಗದಗ_ಧೂಳು
ಗಾಜಿನ ಪ್ಯಾಡ್ ಬಗ್ಗೆ ಯಾರೂ ಮಾತಾಡಿಲ್ಲ. ನನ್ನ ಹತ್ತಿರ ಒಂದಿದೆ. ಮೇಲ್ಮೈ ಕನ್ನಡಿ ಥರ ನುಣುಪಲ್ಲ. ಸಣ್ಣಗೆ ಕೆತ್ತಿ ಮಂಕು ಮಾಡಿರುತ್ತಾರೆ, ಸೆನ್ಸರ್‌ಗೆ ಹಿಡಿಯೋಕೆ ಏನಾದರೂ ಸಿಗಲಿ ಅಂತ. ವೇಗ ಅಂದರೆ ವೇಗ. ಪ್ಲಾಸ್ಟಿಕ್ ಹಾರ್ಡ್ ಪ್ಯಾಡ್ ಇದರ ಮುಂದೆ ನಿಧಾನ ಅನಿಸುತ್ತದೆ.

ಆದರೆ ನಮ್ಮ ಗದಗಿನ ಗಾಳಿ ನಿಮಗೆ ಗೊತ್ತಲ್ಲ. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಕಿಟಕಿ ತೆರೆದರೆ ಅರ್ಧ ಗಂಟೆಯಲ್ಲಿ ಗಾಜಿನ ಮೇಲೆ ಕೆಂಪು ಪದರ. ಬಟ್ಟೆಯಲ್ಲಾದರೆ ಧೂಳು ನೂಲಿನ ಸಂದಿಗೆ ಇಳಿದು ಸುಮ್ಮನಿರುತ್ತದೆ. ಗಾಜಿನ ಮೇಲೆ ಒಂದೇ ಒಂದು ಮರಳಿನ ಕಣ ಪಾದಕ್ಕೆ ಸಿಕ್ಕರೂ ಕರಕರ ಅಂತ ಹಲ್ಲು ಜುಮ್ಮೆನ್ನುತ್ತದೆ. ಆ ಕಣ ಟೆಫ್ಲಾನಿನಲ್ಲಿ ಚುಚ್ಚಿಕೊಂಡರೆ ಮುಗೀತು, ಆಮೇಲೆ ಪ್ಯಾಡ್ ಎಷ್ಟು ಒರೆಸಿದರೂ ಸದ್ದು ಹೋಗಲ್ಲ. ಪಾದ ಒರೆಸಬೇಕು.

ಚಳಿಗಾಲದ ಬೆಳಿಗ್ಗೆ ಮಣಿಕಟ್ಟು ಇಟ್ಟರೆ ತಣ್ಣಗೆ ಕೊರೆಯುತ್ತದೆ, ಅದು ಬೇರೆ.

ಹಳೇಹುಬ್ಬಳ್ಳಿ_ಕಾಕಾ
ಗಾಜಿನ ಪ್ಯಾಡ್ ಹೊಸದೇನಲ್ಲ ಹುಡುಗರಾ. ನೀವು ಹೇಳೋ ಸ್ಟೀಲ್‌ಸೀರೀಸ್ ಇದೆಯಲ್ಲ, ಅದು 2001ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದಾಗ ಹೆಸರು ಸಾಫ್ಟ್ ಟ್ರೇಡಿಂಗ್ ಅಂತ. ಅವರಿಗೆ ಹೆಸರು ತಂದುಕೊಟ್ಟಿದ್ದೇ ಐಸ್‌ಮ್ಯಾಟ್ ಅನ್ನೋ ಗಾಜಿನ ಪ್ಯಾಡ್. ಬಟ್ಟೆಯ ಕ್ಯುಸಿಕೆ ಆಮೇಲಿನದ್ದು.

ನಮ್ಮ ಕಾಲದಲ್ಲಿ ಕೊಪ್ಪೀಕರ್ ರಸ್ತೆ ಆಸುಪಾಸಿನ ಸೈಬರ್ ಕೆಫೆಗಳಲ್ಲಿ ಸಿಎಸ್ 1.6 ಆಡುತ್ತಿದ್ದೆವು. ಚೆಂಡಿನ ಮೌಸು. ಚೆಂಡು ಉರುಳಬೇಕು ಅಂದರೆ ಕೆಳಗೆ ಹಿಡಿತ ಬೇಕು, ಅದಕ್ಕೇ ಬಟ್ಟೆ ಪ್ಯಾಡು. ನುಣುಪು ಮೇಜಿನ ಮೇಲೆ ಚೆಂಡು ಜಾರುತ್ತಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತ ಮೇಲೆ ಮೊದಲ ಐದು ನಿಮಿಷ ಮೌಸಿನ ಹೊಟ್ಟೆ ತೆಗೆದು, ಉರುಳೆಗಳ ಮೇಲಿನ ಕೊಳೆ ಉಗುರಲ್ಲಿ ಸುಲಿಯೋದರಲ್ಲೇ ಹೋಗುತ್ತಿತ್ತು. ಆ ಚೆಂಡು ಕದ್ದು ಗೋಲಿ ಆಡೋ ಹುಡುಗರೂ ಇದ್ದರು, ಹೆಸರು ಹೇಳಲ್ಲ. 1999ರಲ್ಲೇ ಮೈಕ್ರೋಸಾಫ್ಟ್ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಅನ್ನೋ ಸೆನ್ಸರ್ ಮೌಸ್ ತಂದು ಚೆಂಡಿಗೆ ರಜೆ ಕೊಟ್ಟಿತ್ತು. ನಮ್ಮ ಕೆಫೆಗೆ ಬರೋಕೆ ಅದಕ್ಕೆ ದಾರಿ ಸಿಕ್ಕಿರಲಿಲ್ಲ ಅಷ್ಟೇ.

ಹಾವೇರಿ_ಹೆಡ್‌ಶಾಟ್
ಕಾಕಾ, ಹಾಗಾದರೆ ಚೆಂಡು ಹೋದ ಮೇಲೆ ಬಟ್ಟೆ ಯಾಕೆ ಬೇಕು ಅನ್ನೋದು ನನ್ನ ಪ್ರಶ್ನೆ.

ಹಳೇಹುಬ್ಬಳ್ಳಿ_ಕಾಕಾ
ಸೆನ್ಸರ್ ಅಂದರೆ ಪುಟ್ಟ ಕ್ಯಾಮೆರಾ. ಕೆಳಗಿನ ಮೇಲ್ಮೈಯ ಫೋಟೋ ಮೇಲೆ ಫೋಟೋ ತೆಗೆದು, ಎಷ್ಟು ಸರೀತು ಅಂತ ಹೋಲಿಸಿ ನೋಡುತ್ತದೆ. ನೇಯ್ದ ಬಟ್ಟೆಯಲ್ಲಿ ಅದಕ್ಕೆ ಗುರುತು ಹಿಡಿಯೋಕೆ ಬೇಕಾದಷ್ಟು ಸಿಗುತ್ತದೆ. ಬರೀ ಗಾಜಿನ ಮೇಜಿನಲ್ಲಿ ಏನೂ ಸಿಗಲ್ಲ. ಲಾಜಿಟೆಕ್‌ನವರು 2009ರಲ್ಲಿ ಡಾರ್ಕ್‌ಫೀಲ್ಡ್ ಅನ್ನೋ ಸೆನ್ಸರ್ ತಂದಿದ್ದೇ ಗಾಜಿನ ಮೇಲೂ ಓಡಲಿ ಅಂತ. ಈಗಿನ ಹಾರ್ಡ್ ಪ್ಯಾಡ್‌ಗಳಲ್ಲಿ ಆ ತೊಂದರೆ ಇಲ್ಲ, ಒಪ್ಪುತ್ತೇನೆ. ಗಾಜಿನ ಪ್ಯಾಡ್ ತಗೊಳ್ಳೋರು ಮಾತ್ರ ತಮ್ಮ ಮೌಸ್ ಅದರ ಮೇಲೆ ಸರಿಯಾಗಿ ಓಡುತ್ತದಾ ಅಂತ ಮೊದಲೇ ನೋಡಿಕೊಳ್ಳಲಿ. ಹಳೇ ಸೆನ್ಸರ್‌ಗಳು ಅದರ ಮೇಲೆ ತಪ್ಪು ಹೆಜ್ಜೆ ಹಾಕುತ್ತವೆ.

ಲಾಳಿ_ಬೆಟಗೇರಿ
ಬಟ್ಟೆಯ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮದು ನೇಕಾರರ ಮನೆ, ಬೆಟಗೇರಿ. ಮಗ್ಗದ ಸದ್ದಿನಲ್ಲೇ ಬೆಳೆದವನು. ಹಾಗಾಗಿ ಪ್ಯಾಡ್ ಕೈಗೆ ಬಂದರೆ ಮೊದಲು ನೇಯ್ಗೆ ನೋಡುತ್ತೇನೆ.

ಬಟ್ಟೆ ಅಂದರೆ ಹಾಸು, ಹೊಕ್ಕು. ಉದ್ದಕ್ಕೆ ಬಿಗಿದು ಕಟ್ಟಿದ ಎಳೆ ಹಾಸು, ಲಾಳಿ ಅಡ್ಡಕ್ಕೆ ತಂದು ಬಿಡೋದು ಹೊಕ್ಕು. ಎರಡೂ ಎಳೆ ಒಂದೇ ದಪ್ಪ, ಒಂದೇ ಬಿಗಿ ಇದ್ದರೆ ಮೇಲ್ಮೈ ಎರಡೂ ಕಡೆ ಸಮ. ಆದರೆ ಅಗ್ಗದ ಪ್ಯಾಡ್‌ಗಳಲ್ಲಿ ಹಾಗಿರಲ್ಲ. ಒಂದು ಕಡೆಯ ಎಳೆ ಉಬ್ಬಿಕೊಂಡಿರುತ್ತದೆ. ಮೌಸ್ ಆ ಎಳೆಯ ಉದ್ದಕ್ಕೆ ಹೋದರೆ ಸಲೀಸು, ಅಡ್ಡ ಹೋದರೆ ಒಂದೊಂದು ಎಳೆಯನ್ನೂ ಹತ್ತಿ ಇಳೀಬೇಕು. ಅಂದರೆ ಎಡಬಲಕ್ಕೆ ಒಂದು ವೇಗ, ಮೇಲೆ ಕೆಳಗೆ ಇನ್ನೊಂದು ವೇಗ.

ಪರೀಕ್ಷೆ ಸುಲಭ. ಕಣ್ಣು ಮುಚ್ಚಿ, ಮೌಸ್ ಬಿಟ್ಟು, ಉಗುರಿನ ತುದಿಯನ್ನು ಪ್ಯಾಡಿನ ಮೇಲೆ ಎಡದಿಂದ ಬಲಕ್ಕೆ ಹಗುರಾಗಿ ಎಳೆಯಿರಿ. ಆಮೇಲೆ ಮೇಲಿನಿಂದ ಕೆಳಗೆ. ಸದ್ದು ಬದಲಾಯಿತು ಅಂದರೆ ನೇಯ್ಗೆ ಸಮ ಇಲ್ಲ. ಇಷ್ಟೂ ಗೊತ್ತಾದ ಮೇಲೆ ಪ್ಯಾಡನ್ನು ಕಾಲು ಸುತ್ತು ತಿರುಗಿಸಿ ಇಟ್ಟು ಆಡಿ ನೋಡಿ. ಚೌಕಾಕಾರದ ಪ್ಯಾಡ್ ಇದ್ದರೆ ಇದೊಂದು ಲಾಭ. ಕೆಲವರಿಗೆ ಎಡಬಲ ಸಲೀಸಾಗಿ, ಮೇಲೆ ಕೆಳಗೆ ಸ್ವಲ್ಪ ತಡೆಯೋದೇ ಇಷ್ಟ, ಬಂದೂಕಿನ ಏಟಿಗೆ ಗುರಿ ಮೇಲೇಳೋದನ್ನು ಕೆಳಗೆಳೆಯುವಾಗ ಹಿಡಿತ ಸಿಗುತ್ತದೆ ಅಂತ.

ನಡುವೆ ಸವೆದು ಹೊಳೆಯುತ್ತಿದೆ ಅಂದನಲ್ಲ ಆ ಹುಡುಗ, ಅದು ಎಳೆಯ ಉಬ್ಬು ಉಜ್ಜಿ ಚಪ್ಪಟೆಯಾಗಿದ್ದು. ಅದನ್ನು ತೊಳೆದರೂ ಬರಲ್ಲ.

ಉಣಕಲ್_ಎಫ್‌ಪಿಎಸ್
ಉಗುರು ಎಳೆದು ನೋಡಿದೆ. ಸದ್ದು ನಿಜವಾಗಿಯೂ ಬೇರೆ ಬೇರೆ ಬರುತ್ತಿದೆ! ಇಷ್ಟು ದಿನ ಬಳಸಿದ್ದೇನೆ, ಯಾರೂ ಹೇಳಿರಲಿಲ್ಲ.

ವಿದ್ಯಾನಗರ_ಮೆಕ್
ಇಡೀ ಚರ್ಚೆಯಲ್ಲಿ ಇದೇ ಒಳ್ಳೇ ಉತ್ತರ. ನನ್ನದೂ ಸೇರಿ ಹೇಳುತ್ತಿದ್ದೇನೆ.

ಗಿರ್ಮಿಟ್‌ಪ್ರಿಯ
ಹಾಗಾದರೆ ಗುಳೇದಗುಡ್ಡ ಖಣದ ಮೌಸ್ ಪ್ಯಾಡ್ ಮಾಡಿಸಿದರೆ ಹೇಗೆ ಅಣ್ಣಾರ? ನೋಡೋಕೂ ಚೆಂದ.

ಲಾಳಿ_ಬೆಟಗೇರಿ
ಖಣದಲ್ಲಿ ಬುಟ್ಟಾ ಇರುತ್ತದೆ, ಅಲ್ಲಿ ಎಳೆ ಎದ್ದಿರುತ್ತದೆ. ಮೌಸ್ ಬುಟ್ಟಾ ಸಿಕ್ಕಲ್ಲೆಲ್ಲ ಎಡವುತ್ತದೆ. ಗೋಡೆಗೆ ಹಾಕಿ.

ರಾಣೇಬೆನ್ನೂರು_ಡೋಟಾ
ಬೆಂಗೇರಿ ಖಾದಿ?

ಹಳೇಹುಬ್ಬಳ್ಳಿ_ಕಾಕಾ
ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡುತ್ತಾರೆ ಕಣಪ್ಪಾ. ಐಎಸ್‌ಐ ಗುರುತಿನ ಅಳತೆ, ಎಳೆ ಎಣಿಕೆ ಎಲ್ಲಾ ನೋಡಿ ಪಾಸು ಮಾಡೋ ಕೆಲಸ. ನಿನ್ನ ಡೋಟಾಗೆ ಕ್ಯಾಲೆಂಡರ್ ರಟ್ಟೇ ಸಾಕು.

ಧಾರವಾಡ_ಜಿಟಿಜಿಟಿ
ಮಳೆಗಾಲದ ವಿಷಯಕ್ಕೆ ಬರುತ್ತೇನೆ. ಮಾಳಮಡ್ಡಿಯಲ್ಲಿ ಹಳೇ ಹಂಚಿನ ಮನೆ ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಹಾಸಿಗೆ, ಪುಸ್ತಕ ಎಲ್ಲಾ ತಣ್ಣಗೆ. ಬಟ್ಟೆ ಪ್ಯಾಡ್ ಗಾಳಿಯ ತೇವ ಕುಡಿಯುತ್ತದೆ, ವೇಗ ಇಳಿಯುತ್ತದೆ. ಅದನ್ನು ತಪ್ಪಿಸೋಕಾಗಲ್ಲ. ಹುಬ್ಬಳ್ಳಿಯವರಿಗೆ ಇದು ಅಷ್ಟಾಗಿ ತಿಳಿಯಲ್ಲ, ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಚಿಗರಿ ಬಸ್ ಹತ್ತಿ ನವನಗರ ದಾಟಿದ ಕೂಡಲೇ ಇಲ್ಲಿನ ಹವಾ ಬೇರೆ.

ನಾನು ಮಾಡೋದು ಇಷ್ಟು. ಆಡೋಕೆ ಕೂರೋ ಮುಂಚೆ ಫ್ಯಾನ್ ಜೋರು ಮಾಡಿ ಪ್ಯಾಡನ್ನು ಅದರ ಕೆಳಗೆ ಸ್ವಲ್ಪ ಹೊತ್ತು ಇಡುತ್ತೇನೆ. ಆಡುವಾಗ ಕೈಗೆ ಸ್ಲೀವ್, ಮೊಣಕೈಯಿಂದ ಮಣಿಕಟ್ಟಿನವರೆಗೆ. ಚರ್ಮ ಪ್ಯಾಡಿಗೆ ತಾಗದಿದ್ದರೆ ಬೆವರೂ ಇಳಿಯಲ್ಲ, ಕೈಯೂ ಅಂಟಲ್ಲ. ಬೈಕ್ ಓಡಿಸೋರು ಬಿಸಿಲಿಗೆ ಹಾಕ್ತಾರಲ್ಲ, ಅದೇ ತೋಳು. ನೂರು ರೂಪಾಯಿ ಆಸುಪಾಸಿನ ಮಾಲು.

ಹಾವೇರಿ_ಹೆಡ್‌ಶಾಟ್
ಪ್ಯಾಡಿಗೆ ಫ್ಯಾನು, ಕೈಗೆ ತೋಳು, ಇಷ್ಟೆಲ್ಲ ಸೇವೆ ಮಾಡೋ ಬದಲು ಹಾರ್ಡ್ ತಗೊಳ್ಳಿ ಅಂತ ಮೊದಲಿಂದ ಹೇಳುತ್ತಿದ್ದೇನೆ.

ನವನಗರ_ಅಕ್ಕ
ತಮ್ಮಾ, ಹಾರ್ಡ್ ಪ್ಯಾಡ್‌ನಲ್ಲಿ ಬೆವರು ಎಲ್ಲಿಗೂ ಹೋಗಲ್ಲ, ಅಲ್ಲೇ ನಿಂತಿರುತ್ತದೆ. ಬರೀ ಕೈ ಇಟ್ಟರೆ ಚರ್ಮ ಪ್ಲಾಸ್ಟಿಕ್ಕಿಗೆ ಅಂಟಿ ಮೌಸ್ ಜೊತೆ ಕೈ ಸರಿಯೋದೇ ಇಲ್ಲ. ಸ್ಲೀವ್ ಎರಡಕ್ಕೂ ಬೇಕು. ಹಾರ್ಡ್‌ಗೆ ಇನ್ನೂ ಜಾಸ್ತಿ ಬೇಕು.

ಬ್ಯಾಡಗಿ_ಖಾರ
ಅಕ್ಕ ಹೇಳಿದ್ದು ನಿಜ. ನಾನು ಹಾರ್ಡ್ ಪಕ್ಷದವನೇ, ಆದರೂ ನಿಜ.

ಸಪ್ತಾಪುರ_ಸ್ಪೈಕ್
ಬಟ್ಟೆಯದು ತೊಳೆಯೋಕೆ ಬರುತ್ತದಾ? ಪಿಜಿಯ ವಾಷಿಂಗ್ ಮಷಿನ್‌ಗೆ ಹಾಕಬಹುದಾ?

ನವನಗರ_ಅಕ್ಕ
ಮಷಿನ್ ಬೇಡ. ಅಡಿಯ ರಬ್ಬರ್‌ಗೆ ಬಟ್ಟೆ ಅಂಟಿಸಿರೋದು. ಬಿಸಿ ನೀರು, ಜೋರು ತಿರುಗೋದು ಎರಡೂ ಆಗಲ್ಲ, ಅಂಚು ಬಿಟ್ಟುಕೊಳ್ಳುತ್ತದೆ.

ಬಚ್ಚಲಲ್ಲಿ ನೆಲದ ಮೇಲೆ ಹಾಸು. ಉಗುರು ಬೆಚ್ಚಗಿನ ನೀರು, ಒಂದು ಚಮಚ ಶಾಂಪೂ. ಮೆತ್ತನೆ ಸ್ಪಂಜಿನಲ್ಲಿ ತಿಕ್ಕು. ಪಾತ್ರೆ ತಿಕ್ಕೋ ಒರಟು ನಾರು ಬೇಡ, ಎಳೆ ಏಳುತ್ತದೆ. ಮಣಿಕಟ್ಟಿನ ಜಾಗದಿಂದ ಬರೋ ನೀರಿನ ಬಣ್ಣ ನೋಡಿ ಹೆದರಬೇಡ. ಸೋಪು ಪೂರ್ತಿ ಹೋಗೋವರೆಗೆ ನೀರು ಬಿಡು, ಸೋಪು ಉಳಿದರೆ ಒಣಗಿದ ಮೇಲೆ ಅಲ್ಲಲ್ಲಿ ಗಟ್ಟಿಯಾಗುತ್ತದೆ. ಹಿಂಡಬೇಡ. ಒಣ ಟವೆಲ್ ಮೇಲಿಟ್ಟು ಸುರುಳಿ ಸುತ್ತಿ ಒತ್ತು, ನೀರು ಟವೆಲ್‌ಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಚಪ್ಪಟೆಯಾಗಿ ಹಾಸು. ಹಗ್ಗದ ಮೇಲೆ ಮಡಚಿ ಹಾಕಿದರೆ ನಡುವೆ ಗೆರೆ ಬೀಳುತ್ತದೆ, ಬಿಸಿಲಿಗೆ ರಬ್ಬರ್ ಸೊಟ್ಟಗಾಗುತ್ತದೆ. ಆಷಾಢದಲ್ಲಿ ತೊಳೆಯೋಕೆ ಹೋಗಬೇಡ, ಒಣಗೋದೇ ಇಲ್ಲ, ಮುಗ್ಗುಲು ವಾಸನೆ ಬರುತ್ತದೆ.

ಗದಗ_ಧೂಳು
ಬೋರ್‌ವೆಲ್ ನೀರಲ್ಲಿ ತೊಳೆದರೆ ಕೊನೆಗೊಮ್ಮೆ ಕುಡಿಯೋ ನೀರು ಹಾಕಿ. ನಮ್ಮ ಕಡೆ ಸವಳು ನೀರು, ಒಣಗಿದ ಮೇಲೆ ಕಪ್ಪು ಪ್ಯಾಡಿನ ಮೇಲೆ ಬಿಳೀ ಕಲೆ ಉಳಿಯುತ್ತದೆ.

ಹಳೇಹುಬ್ಬಳ್ಳಿ_ಕಾಕಾ
ಕುಡಿಯೋ ನೀರಂತೆ! ನಮ್ಮ ಓಣಿಯಲ್ಲಿ ನಳ ಬರೋ ದಿನ ಕೊಡ, ಬ್ಯಾರಲ್ ತುಂಬಿಸೋಕೇ ಹೊತ್ತು ಸಾಲಲ್ಲ. ಅದರಲ್ಲಿ ಮೌಸ್ ಪ್ಯಾಡಿಗೆ ಸ್ನಾನ ಮಾಡಿಸುತ್ತೇನೆ ಅಂದರೆ ನಮ್ಮ ಮನೆಯವಳು ನನ್ನನ್ನೇ ಹೊರಗೆ ಹಾಕುತ್ತಾಳೆ.

ಗಿರ್ಮಿಟ್‌ಪ್ರಿಯ
ಕಾಕಾ, ನಿಮಗೆ ಹಾರ್ಡ್ ಪ್ಯಾಡೇ ಸರಿ. ಒದ್ದೆ ಬಟ್ಟೆ ಸಾಕು.

ಹಾವೇರಿ_ಹೆಡ್‌ಶಾಟ್
ನೋಡಿ, ಕೊನೆಗೂ ನೀರಿನ ಲೆಕ್ಕದಲ್ಲಿ ಆದರೂ ಹಾರ್ಡ್ ಗೆದ್ದಿತು.

ವಿದ್ಯಾನಗರ_ಮೆಕ್
ಸ್ಪೈಕ್, ಬಜೆಟ್ ಸಾವಿರ ಅಂದೆ. ಆ ದುಡ್ಡಿಗೆ ಇಷ್ಟು ದೊಡ್ಡ ಹಾರ್ಡ್ ಪ್ಯಾಡ್, ಅದೂ ಒಳ್ಳೇದು, ಸಿಗೋದು ಕಷ್ಟ. ಚಿಕ್ಕ ಹಾರ್ಡ್ ಸಿಗಬಹುದು, ಆದರೆ ನಿನ್ನ ಸೆನ್ಸಿಟಿವಿಟಿಗೆ ಚಿಕ್ಕದು ಬೇಡ ಅಂತ ಆಗಲೇ ಲೆಕ್ಕ ಆಗಿದೆ. ಬಟ್ಟೆಯಲ್ಲಿ 45 ಬೈ 40 ಆಸುಪಾಸಿನದ್ದು ನಮ್ಮ ದೇಶದ ಬ್ರ್ಯಾಂಡ್‌ಗಳಲ್ಲೇ ಆ ದುಡ್ಡಿಗೆ ಸಿಗುತ್ತದೆ. ದಪ್ಪ 3 ಅಥವಾ 4 ಮಿಲಿಮೀಟರ್ ಇರಲಿ. ಅಂಚಿಗೆ ಹೊಲಿಗೆ ಹಾಕಿರಲಿ, ಆದರೆ ಹೊಲಿಗೆ ಪ್ಯಾಡಿಗಿಂತ ಎತ್ತರ ಇರಬಾರದು, ಮಣಿಕಟ್ಟು ಕೆರೆಯುತ್ತದೆ. 90 ಬೈ 40ರ ಉದ್ದನೆಯದು ನಿನ್ನ ಮೇಜಿಗೆ ಹಿಡಿಯಲ್ಲ, ಅಳೆಯದೇ ತರಿಸಬೇಡ.

ಸ್ಪೀಡ್ ಅಂತ ಬರೆದಿರೋ ಬಟ್ಟೆ ಪ್ಯಾಡ್‌ಗಳೂ ಇವೆ, ನೇಯ್ಗೆ ಬಿಗಿ, ನುಣುಪು. ತೇವ ಜಾಸ್ತಿ ಇರೋ ಕಡೆ ಅದು ಒಳ್ಳೇದು, ಮಳೆಗಾಲದಲ್ಲಿ ನಿಧಾನವಾದರೂ ಆಡೋ ಮಟ್ಟಕ್ಕೆ ಇರುತ್ತದೆ. ಕಂಟ್ರೋಲ್ ಅಂತ ಬರೆದಿರೋದು ಈಗಲೇ ನಿಧಾನ, ಧಾರವಾಡದ ಜುಲೈನಲ್ಲಿ ಇನ್ನೂ ನಿಧಾನ.

ಧಾರವಾಡ_ಜಿಟಿಜಿಟಿ
ಸ್ಪೀಡ್ ಬಟ್ಟೆಗೆ ನನ್ನ ಓಟು.

ಉಣಕಲ್_ಎಫ್‌ಪಿಎಸ್
ನನ್ನದೂ. ಕಾರ್ಡುರಾ ಅನ್ನೋ ನೈಲಾನ್ ಬಟ್ಟೆಯವೂ ಬರುತ್ತವೆ, ಹಾರ್ಡ್ ಮತ್ತು ಬಟ್ಟೆಯ ನಡುವಿನವು, ಆದರೆ ಬಜೆಟ್ ದಾಟುತ್ತದೆ. ಮೊದಮೊದಲು ಒರಟು, ಕೈ ಉಜ್ಜಿದರೆ ಉರಿಯುತ್ತದೆ.

ಹಾವೇರಿ_ಹೆಡ್‌ಶಾಟ್
ನಾನು ಒಪ್ಪಲ್ಲ. ಸ್ವಲ್ಪ ದುಡ್ಡು ಕೂಡಿಟ್ಟು ಹಾರ್ಡ್ ತಗೋ ತಮ್ಮಾ. ಬಟ್ಟೆ ಸವೆಯುತ್ತದೆ, ಮತ್ತೆ ತಗೋಬೇಕು.

ನವನಗರ_ಅಕ್ಕ
ಹಾರ್ಡ್ ತಗೊಂಡರೆ ಪಾದ ಸವೆಯುತ್ತವೆ, ಅವನ್ನೂ ಮತ್ತೆ ತಗೋಬೇಕು.

ಸಪ್ತಾಪುರ_ಸ್ಪೈಕ್
ಸ್ಪೀಡ್ ಬಟ್ಟೆ, 45 ಬೈ 40, ಹೊಲಿಗೆ ಅಂಚಿನದ್ದು ಆರ್ಡರ್ ಹಾಕಿದೆ. ಜೊತೆಗೆ ತೋಳು. ಮೌಸಿನ ಪಾದ ಒರೆಸಿದ್ದಕ್ಕೇ ಜಿಗಿತ ಕಡಿಮೆಯಾಗಿದೆ ಅಕ್ಕಾ, ಥ್ಯಾಂಕ್ಸ್. ಎಲ್ಲರಿಗೂ ಥ್ಯಾಂಕ್ಸ್.

ಗದಗ_ಧೂಳು
ಹಾವೇರಿ ಅಣ್ಣಾ, ನೀವು ಇಷ್ಟು ಹಾರ್ಡ್ ಅಭಿಮಾನಿ. ನನ್ನ ಗಾಜಿನ ಪ್ಯಾಡ್ ತಗೋತೀರಾ? ನಮ್ಮ ಊರ ಗಾಳಿಗೆ ನನಗೆ ಒರೆಸಿ ಒರೆಸಿ ಸಾಕಾಗಿದೆ.

ಹಾವೇರಿ_ಹೆಡ್‌ಶಾಟ್
ರೇಟ್ ಹೇಳಿ. ಗೀರು ಬಿದ್ದಿದೆಯಾ?

ಗದಗ_ಧೂಳು
ಗೀರಿಲ್ಲ. ಒಂದು ಮೂಲೆಯಲ್ಲಿ ಅಡಿಯ ರಬ್ಬರ್ ಸ್ವಲ್ಪ ಎದ್ದಿದೆ. ಭಾನುವಾರ ಹುಬ್ಬಳ್ಳಿಗೆ ಬರುತ್ತೇನೆ, ನೋಡಿಯೇ ತಗೊಳ್ಳಿ. ಮೌಸ್ ತನ್ನಿ, ನಿಮ್ಮ ಸೆನ್ಸರ್ ಅದರ ಮೇಲೆ ಓಡದಿದ್ದರೆ ಆಮೇಲೆ ನನ್ನನ್ನು ಬೈಯಬಾರದು.

ಹಾವೇರಿ_ಹೆಡ್‌ಶಾಟ್
ಬಸ್ಸಿನಲ್ಲಿ ಗಾಜು ಹೇಗೆ ತರ್ತೀರಿ?

ಗದಗ_ಧೂಳು
ಹಳೇ ಬಟ್ಟೆ ಪ್ಯಾಡ್‌ನಲ್ಲಿ ಸುತ್ತಿಕೊಂಡು.

ಉಣಕಲ್_ಎಫ್‌ಪಿಎಸ್
😂😂 ಸಾಕು, ಇನ್ನು ಬೀಗ ಹಾಕಿ ಈ ಚರ್ಚೆಗೆ.